ಉಲೂರು ಬಂಡೆಯ ಬಳಿ ಕಾಣೆಯಾದ ಶಿಶು: ಜನಾಪವಾದವೂ ಪ್ರಮಾಣವೂ

ಭಾದ್ರಪದ ಶುದ್ಧ ಚೌತಿಯಂದು ಕನ್ನಡನಾಡಿನ ಮನೆಗಳಲ್ಲಿ ಸ್ಯಮಂತಕೋಪಾಖ್ಯಾನವನ್ನು ಓದಿ ಕೇಳುವ ಸಂಪ್ರದಾಯವುಂಟು. ಮಣಿಯನ್ನು ಧರಿಸಿ ಬೇಟೆಗೆ ಹೋದ ಪ್ರಸೇನನು ಹಿಂದಿರುಗಿ ಬರಲಿಲ್ಲ. ಅರಣ್ಯದಲ್ಲಿ ನಡೆದುದನ್ನು ಕಂಡವರು ಯಾರೂ ಇರಲಿಲ್ಲ. ಆದರೂ ಅವನನ್ನು ಕೊಂದವನು ಶ್ರೀಕೃಷ್ಣನೇ ಎಂಬ ಮಾತು ಪಟ್ಟಣದಲ್ಲೆಲ್ಲ ಕಿವಿಯಿಂದ ಕಿವಿಗೆ ಹಬ್ಬಿತು. ಕೃಷ್ಣನು ಪುರಜನರನ್ನು ಕರೆದುಕೊಂಡು ಹೋಗಿ, ಕಾಡಿನಲ್ಲಿ ಮೃಗದ ಹೆಜ್ಜೆಗಳ ಜಾಡನ್ನು ಹಿಡಿದು ನಡೆದು, ಪ್ರಸೇನನನ್ನು ಕೊಂದುದು ಸಿಂಹವೆಂಬುದನ್ನೂ ಸಿಂಹವನ್ನು ಕೊಂದುದು ಕರಡಿಯೆಂಬುದನ್ನೂ ಅವರ ಕಣ್ಣಿಗೇ ತೋರಿಸಿದನು.

ಈ ಕಥೆಯ ಅಂಗಗಳು ಮೂರು. ಜನಸಂಚಾರವಿಲ್ಲದ ಸ್ಥಳ ಒಂದು. ಅಲ್ಲಿ ನಡೆದುದನ್ನು ಕಾಣದ ಜನರ ಮಾತು ಎರಡು. ನೆಲದ ಮೇಲೆ ಉಳಿದ ಹೆಜ್ಜೆ ಮೂರು. ೧೯೮೦ರಲ್ಲಿ ಆಸ್ಟ್ರೇಲಿಯ ಖಂಡದ ಮರುಭೂಮಿಯಲ್ಲಿ ನಡೆದ ಒಂದು ಪ್ರಕರಣದಲ್ಲಿಯೂ ಈ ಮೂರು ಅಂಗಗಳು ಕೂಡಿಬಂದುವು. ಆದರೆ ಪುರಾಣದಲ್ಲಿ ಹೆಜ್ಜೆಯು ಮಾತನ್ನು ಗೆದ್ದಿತು. ಇಲ್ಲಿ ಮಾತೇ ಹೆಜ್ಜೆಯನ್ನು ಗೆದ್ದಿತು. ಆ ವಿಪರೀತವು ಸರಿಹೋಗುವುದಕ್ಕೆ ೩೨ ವರ್ಷಗಳು ಹಿಡಿದುವು. ಅದು ಹೇಗಾಯಿತೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶವು.

೧. ಘಟನೆ

ಆಸ್ಟ್ರೇಲಿಯದ ನಡುಭಾಗದಲ್ಲಿ, ಆಲಿಸ್ ಸ್ಪ್ರಿಂಗ್ಸ್ ಎಂಬ ಊರಿನಿಂದ ರಸ್ತೆಯ ಮಾರ್ಗವಾಗಿ ಸುಮಾರು ೪೫೦ ಕಿಲೋಮೀಟರು ದೂರದಲ್ಲಿ, ಸಮತಟ್ಟಾದ ಮರಳುಭೂಮಿಯ ಮೇಲೆ ಒಂದು ಮಹಾಶಿಲೆಯು ಎದ್ದು ನಿಂತಿದೆ. ಅಲ್ಲಿಯ ಮೂಲನಿವಾಸಿಗಳಾದ ಅನಂಗು ಜನರು ಇದನ್ನು ಉಲೂರು ಎನ್ನುವರು. ಬಿಳಿಯರು ಏಯರ್ಸ್ ರಾಕ್ ಎಂದು ಹೆಸರಿಟ್ಟಿದ್ದರು. ಇದರ ಎತ್ತರ ೩೪೮ ಮೀಟರು. ಸುತ್ತಳತೆ ೯ ಕಿಲೋಮೀಟರಿಗೂ ಹೆಚ್ಚು. ಇದನ್ನು ನೋಡಲು ಬರುವ ಯಾತ್ರಿಕರು ಬುಡದಲ್ಲಿ ಡೇರೆ ಹೊಡೆದು ತಂಗುತ್ತಿದ್ದರು.

೧೯೮೦ನೆಯ ಆಗಸ್ಟ್ ತಿಂಗಳಲ್ಲಿ ಮೌಂಟ್ ಐಸಾ ಎಂಬ ಗಣಿಯ ಊರಿನಿಂದ ಮೈಕೇಲ್ ಚೇಂಬರ್ಲೇನ್ ಎಂಬ ಪಾದ್ರಿಯೂ, ಆತನ ಪತ್ನಿ ಲಿಂಡಿಯೂ, ಇಬ್ಬರು ಗಂಡುಮಕ್ಕಳೂ, ಒಂಬತ್ತು ವಾರದ ಹೆಣ್ಣುಶಿಶು ಅಜಾರಿಯಾ ಸಹಿತವಾಗಿ ಅಲ್ಲಿಗೆ ಬಂದರು. ಆಗಸ್ಟ್ ೧೭ನೆಯ ತಾರೀಖಿನ ರಾತ್ರಿ ಸುಮಾರು ಎಂಟು ಗಂಟೆಗೆ ತಾಯಿಯು ಶಿಶುವನ್ನು ಡೇರೆಯಲ್ಲಿ ಮಲಗಿಸಿ, ಸಮೀಪದಲ್ಲಿ ಅಡಿಗೆಮಾಡುತ್ತಿದ್ದ ಸ್ಥಳಕ್ಕೆ ಬಂದಳು. ಸ್ವಲ್ಪ ಹೊತ್ತಿನಲ್ಲಿ ಶಿಶುವು ಕೂಗಿದ ಸದ್ದು ಕೇಳಿತು. ಈ ಸದ್ದನ್ನು ಅಲ್ಲಿಯೇ ಇದ್ದ ಬೇರೊಬ್ಬ ಯಾತ್ರಿಕಳೂ ಕೇಳಿದಳೆಂಬುದು ಗಮನಿಸತಕ್ಕ ವಿಷಯ. ತಾಯಿಯು ಓಡಿಹೋಗುವಷ್ಟರಲ್ಲಿ, ಆ ದೇಶದಲ್ಲಿ ಡಿಂಗೋ ಎಂದು ಕರೆಯಲ್ಪಡುವ ಕಾಡುನಾಯಿಯೊಂದು ಡೇರೆಯಿಂದ ಹೊರಬೀಳುತ್ತಿದ್ದುದನ್ನು ಕಂಡಳು. ಒಳಗೆ ತೊಟ್ಟಿಲು ಬರಿದಾಗಿತ್ತು. ನಾಯಿಯು ತನ್ನ ಮಗುವನ್ನು ಒಯ್ದಿತೆಂದು ಆಕೆಯು ಆಗಲೇ ಕೂಗಿಕೊಂಡಳು. ಸುಮಾರು ೩೦೦ ಜನರು ಕತ್ತಲೆಯಲ್ಲಿ ಸಾಲುಗಟ್ಟಿ ಹುಡುಕಿದರು, ಮಗುವು ಸಿಕ್ಕಲಿಲ್ಲ. ಒಂದು ವಾರದ ತರುವಾಯ, ಡೇರೆಯಿಂದ ಸುಮಾರು ೪ ಕಿಲೋಮೀಟರು ದೂರದಲ್ಲಿ ಶಿಶುವಿನ ಉಡುಪುಗಳು ರಕ್ತದ ಕಲೆಗಳೊಡನೆ ದೊರೆತುವು. ಆದರೆ ಅವುಗಳ ಮೇಲೆ ತೊಡಿಸಿದ್ದುದಾಗಿ ತಾಯಿ ಹೇಳಿದ ಚಿಕ್ಕ ಮೇಲಂಗಿಯು ಅಲ್ಲಿರಲಿಲ್ಲ.

ಮರಳಿನ ಮೇಲಿನ ಗುರುತುಗಳನ್ನು ಮೂಲನಿವಾಸಿಗಳಾದ ಜಾಡುಗಾರರು ಪರೀಕ್ಷಿಸಿದರು. ಡಿಂಗೋ ಒಂದು ಭಾರವನ್ನು ಹೊತ್ತು ನಡೆದಿರುವುದನ್ನೂ, ಭಾರವನ್ನು ಕೆಳಗಿಟ್ಟೆಡೆಯಲ್ಲಿ ನೆಯ್ಗೆಯ ಬಟ್ಟೆಯ ಅಚ್ಚು ಮೂಡಿರುವುದನ್ನೂ ಕಂಡವರಿದ್ದರು. ಅದಕ್ಕೆ ಕೆಲವು ವಾರಗಳ ಹಿಂದೆ ಅದೇ ಸ್ಥಳದಲ್ಲಿ ಮೂರು ವರ್ಷದ ಮಗುವೊಂದನ್ನು ಡಿಂಗೋ ವಾಹನದಿಂದ ಹೊರಕ್ಕೆಳೆದುದೂ ಉಂಟು. ಈ ಪ್ರಾಣಿಗಳಿಂದ ಮನುಷ್ಯರಿಗೆ ಅಪಾಯವಿದೆಯೆಂದು ಅಲ್ಲಿಯ ಮುಖ್ಯ ವನಪಾಲಕನು ಸರಕಾರಕ್ಕೆ ಮುಂಚೆಯೇ ಬರೆದಿದ್ದನು. ಹೀಗೆ ಮೊದಲ ದಿನವೇ ಪ್ರತ್ಯಕ್ಷವೂ, ಆಪ್ತವಾಕ್ಯವೂ, ಪೂರ್ವದೃಷ್ಟಾಂತವೂ ಒಂದೇ ದಿಕ್ಕನ್ನು ತೋರುತ್ತಿದ್ದುವು.

೨. ಅಪವಾದದ ಬೆಳೆವಣಿಗೆ

ಹೀಗಿದ್ದರೂ ಬಹುದೂರದ ಪಟ್ಟಣಗಳಲ್ಲಿ, ಡಿಂಗೋವನ್ನೂ ಮರುಭೂಮಿಯನ್ನೂ ಎಂದೂ ಕಾಣದ ಜನರು ಬೇರೊಂದು ವೃತ್ತಾಂತವನ್ನು ಕಟ್ಟಿದರು. ಅದರ ಆಧಾರಗಳನ್ನು ಬಿಡಿಸಿ ನೋಡಿದರೆ ಮುಖ್ಯವಾಗಿ ಮೂರು ಕಂಡುಬರುತ್ತವೆ.

ಮೊದಲನೆಯದು ಹೆಸರು. ಅಜಾರಿಯಾ ಎಂದರೆ "ಅರಣ್ಯದಲ್ಲಿ ಬಲಿ" ಎಂದರ್ಥವೆಂದೂ, ದಂಪತಿಗಳು ಮತಾಚಾರಕ್ಕಾಗಿ ಮಗುವನ್ನು ಬಲಿಗೊಟ್ಟರೆಂದೂ ವದಂತಿಯು ಹುಟ್ಟಿತು. ನಿಜವಾಗಿ ಅದು ಹೀಬ್ರೂ ಭಾಷೆಯ ಹೆಸರು. "ದೇವರು ಸಹಾಯಮಾಡಿದನು" ಎಂಬುದೇ ಅದರ ಅರ್ಥ. ಕನ್ನಡ ಬೈಬಲಿನಲ್ಲಿ ಅಜರ್ಯ ಎಂಬ ರೂಪದಲ್ಲಿ ಕಾಣುವ ಹೆಸರು ಇದೇ. ಒಂದು ನಿಘಂಟನ್ನು ತೆರೆದು ನೋಡಿದ್ದರೆ ಅಳಿಯಬಹುದಾಗಿದ್ದ ಮಾತು ದೇಶದಲ್ಲೆಲ್ಲ ಹರಡಿತು. ದಂಪತಿಗಳು ಏಳನೆಯ ದಿನದ ಅಡ್ವೆಂಟಿಸ್ಟರೆಂಬ ಸಣ್ಣ ಪಂಥಕ್ಕೆ ಸೇರಿದವರು. ಆ ಪಂಥದ ಆಚಾರವನ್ನು ಬಲ್ಲವರು ವಿರಳವಾಗಿದ್ದುದರಿಂದ ಅದರ ವಿಷಯವಾಗಿ ಏನು ಹೇಳಿದರೂ ನಂಬುವವರು ಇದ್ದರು.

ಎರಡನೆಯದು ತಾಯಿಯ ಮುಖಭಾವ. ಪತ್ರಿಕೆಯವರ ಮುಂದೆಯೂ ದೂರದರ್ಶನದಲ್ಲಿಯೂ ಲಿಂಡಿಯು ಅಳದೆ, ನಡೆದುದನ್ನು ಬಿಡಿಸಿ ಹೇಳಿದಳು. ಮಗುವನ್ನು ಕಳೆದುಕೊಂಡವಳು ಹೀಗಿರಬಲ್ಲಳೇ ಎಂದು ಜನರು ಕೇಳಿದರು. ದುಃಖವು ಎಲ್ಲರಲ್ಲಿಯೂ ಒಂದೇ ರೂಪದಲ್ಲಿ ತೋರಬೇಕೆಂಬ ನಿಯಮವಿಲ್ಲ. ಭಾರತದ ಆದಿಪರ್ವದ ಮಾಂಡವ್ಯನ ಆಶ್ರಮದಲ್ಲಿ ಕಳ್ಳರು ಮಾಲನ್ನು ಬಚ್ಚಿಟ್ಟರು; ಮೌನವ್ರತದಲ್ಲಿದ್ದ ಆ ಋಷಿಯು ಉತ್ತರಕೊಡದಿದ್ದುದರಿಂದ ರಾಜಭಟರು ಅವನನ್ನೇ ಹಿಡಿದರು, ರಾಜನು ಶೂಲಕ್ಕೇರಿಸಿದನು. ಕಳ್ಳನಲ್ಲದವನೂ ವ್ಯವಹಾರದಲ್ಲಿ ಕಳ್ಳನೆನಿಸುವುದುಂಟೆಂಬುದಕ್ಕೆ ನಾರದಸ್ಮೃತಿಯು ಇದೇ ಮಾಂಡವ್ಯನನ್ನು ಉದಾಹರಿಸಿರುವುದು ಗಮನಾರ್ಹವು. ಮಾಂಡವ್ಯನಿಗೆ ಮೌನವು ಹೇಗೋ ಲಿಂಡಿಗೆ ಸ್ಥೈರ್ಯವು ಹಾಗೆ ದೋಷವಾಯಿತು.

ಮೂರನೆಯದು ಡಿಂಗೋ ಹಾಗೆ ಮಾಡಲಾರದೆಂಬ ನಂಬಿಕೆ. ಕಂಡಿಲ್ಲವೆಂಬ ಮಾತ್ರಕ್ಕೆ ಆಗುವುದಿಲ್ಲವೆನ್ನುವುದು ಅನುಪಲಬ್ಧಿಯ ದುರುಪಯೋಗ. ವಸ್ತುವು ಇದ್ದಿದ್ದರೆ ಕಾಣಬೇಕಾಗಿತ್ತು ಎಂಬ ಯೋಗ್ಯತೆ ಇದ್ದಲ್ಲಿ ಮಾತ್ರ ಕಾಣದಿರುವುದು ಪ್ರಮಾಣವಾಗುತ್ತದೆ. ಡಿಂಗೋವಿನೊಡನೆ ಬಾಳಿದ ಅನಂಗು ಜನರಿಗೆ ಆ ಯೋಗ್ಯತೆ ಇತ್ತು; ಪಟ್ಟಣದವರಿಗೆ ಇರಲಿಲ್ಲ.

೩. ನ್ಯಾಯಸ್ಥಾನದಲ್ಲಿ

ಮರಣವಿಚಾರಣಾಧಿಕಾರಿಯಾದ ಡೆನಿಸ್ ಬ್ಯಾರಿಟ್ಟನು ೧೯೮೧ನೆಯ ಫೆಬ್ರವರಿ ೨೦ರಂದು ತನ್ನ ನಿರ್ಣಯವನ್ನು ಕೊಟ್ಟನು. ಶಿಶುವನ್ನು ಒಯ್ದುದು ಡಿಂಗೋ, ತಂದೆತಾಯಿಗಳು ನಿರ್ದೋಷಿಗಳು, ಆದರೆ ಆಮೇಲೆ ಯಾರೋ ಉಡುಪುಗಳನ್ನು ಕೈಯಾಡಿಸಿರುವರು ಎಂಬುದು ಅದರ ಸಾರ. ವದಂತಿಗಳು ಅಡಗಲೆಂದು ಆ ನಿರ್ಣಯವನ್ನು ದೂರದರ್ಶನದಲ್ಲಿ ನೇರವಾಗಿ ಪ್ರಸಾರಮಾಡಿಸಿದನು. ವದಂತಿಗಳು ಅಡಗಲಿಲ್ಲ. ಉಡುಪಿನ ಮೇಲೆ ರಕ್ತಸಿಕ್ತವಾದ ಕೈಯ ಅಚ್ಚು ಕಾಣುವುದೆಂದು ಲಂಡನ್ನಿನ ತಜ್ಞನೊಬ್ಬನು ಹೇಳಿದನು. ಕುಟುಂಬದ ಮೋಟಾರುಗಾಡಿಯಲ್ಲಿ ಶಿಶುವಿನ ರಕ್ತವಿದೆಯೆಂದು ಪ್ರಯೋಗಶಾಲೆಯಿಂದ ವರದಿ ಬಂದಿತು. ಮೊದಲ ನಿರ್ಣಯವು ರದ್ದಾಗಿ, ಎರಡನೆಯ ವಿಚಾರಣೆ ನಡೆದು, ೧೯೮೨ನೆಯ ಸೆಪ್ಟೆಂಬರ್ ೧೩ರಂದು ಡಾರ್ವಿನ್ ನಗರದಲ್ಲಿ ಕೊಲೆಯ ಮೊಕದ್ದಮೆಯು ಆರಂಭವಾಯಿತು.

ತಾಯಿಯು ಕೆಲವೇ ನಿಮಿಷಗಳಲ್ಲಿ ಮಗುವನ್ನು ಗಾಡಿಯಲ್ಲಿ ಕೊಂದು, ಬಳಿಕ ಏನೂ ಆಗದವಳಂತೆ ಜನರ ನಡುವೆ ಬಂದು ಕುಳಿತಳೆಂಬುದು ಸರಕಾರದ ಪಕ್ಷ. ಶವವಿಲ್ಲ, ಕಾರಣವಿಲ್ಲ, ಕಂಡ ಸಾಕ್ಷಿಯಿಲ್ಲ. ಅಕ್ಟೋಬರ್ ೨೯ರಂದು ಜೂರಿಗಳು ಅಪರಾಧವು ಸಿದ್ಧವಾಯಿತೆಂದರು. ತುಂಬುಗರ್ಭಿಣಿಯಾಗಿದ್ದ ಲಿಂಡಿಗೆ ಜೀವಾವಧಿ ಸೆರೆಮನೆ. ಪತಿಗೆ ಅಪರಾಧವನ್ನು ಮುಚ್ಚಲು ಸಹಾಯಮಾಡಿದನೆಂದು ಅಮಾನತಿನಲ್ಲಿಟ್ಟ ಶಿಕ್ಷೆ. ನವೆಂಬರಿನಲ್ಲಿ ಆಕೆಗೆ ಮತ್ತೊಂದು ಹೆಣ್ಣುಮಗುವು ಹುಟ್ಟಿತು. ತಾಯಿಯನ್ನೂ ಮಗುವನ್ನೂ ಬೇರ್ಪಡಿಸಲಾಯಿತು. ೧೯೮೩ರ ಮೇಲ್ಮನವಿಯೂ ವಿಫಲವಾಯಿತು. ೧೯೮೪ರಲ್ಲಿ ಆ ದೇಶದ ಹೈಕೋರ್ಟು ಮೂವರ ಮತ ಇಬ್ಬರ ಮತವೆಂಬ ಭೇದದಿಂದ ಶಿಕ್ಷೆಯನ್ನು ಸ್ಥಿರಪಡಿಸಿತು.

೪. ಹೇತುವಿನ ಪರೀಕ್ಷೆ

೧೯೮೬ನೆಯ ಫೆಬ್ರವರಿ ಮೊದಲಲ್ಲಿ ಬಂಡೆಯಿಂದ ಬಿದ್ದು ಸತ್ತ ಯಾತ್ರಿಕನೊಬ್ಬನ ದೇಹವನ್ನು ಹುಡುಕುತ್ತಿದ್ದವರಿಗೆ, ಡಿಂಗೋಗಳ ಗುಹೆಗಳಿದ್ದ ಎಡೆಯಲ್ಲಿ, ಮಣ್ಣಿನಲ್ಲಿ ಅರೆಹೂತ ಆ ಚಿಕ್ಕ ಮೇಲಂಗಿಯು ಸಿಕ್ಕಿತು. ಸುಳ್ಳೆಂದು ತಳ್ಳಲ್ಪಟ್ಟಿದ್ದ ತಾಯಿಯ ಮಾತು ನಿಜವಾಯಿತು. ಫೆಬ್ರವರಿ ೭ರಂದು ಲಿಂಡಿಯು ಬಿಡುಗಡೆಯಾದಳು.

ಅನಂತರ ನ್ಯಾಯಾಧೀಶ ಟ್ರೆವರ್ ಮಾರ್ಲಿಂಗ್ ಅವರ ರಾಯಲ್ ಕಮಿಷನ್ನು ಸಮಸ್ತ ಸಾಕ್ಷ್ಯವನ್ನೂ ಮೊದಲಿನಿಂದ ಶೋಧಿಸಿ ೧೯೮೭ರಲ್ಲಿ ವರದಿಯನ್ನು ಕೊಟ್ಟಿತು. ಗಾಡಿಯಲ್ಲಿ ಶಿಶುವಿನ ರಕ್ತವೆಂದು ತೋರಿಸಲಾದ ಸಿಂಪರಣೆಯು, ಸದ್ದನ್ನು ತಗ್ಗಿಸುವುದಕ್ಕಾಗಿ ಕಾರ್ಖಾನೆಯಲ್ಲಿಯೇ ಬಳಿದ ಲೇಪದ್ರವ್ಯವಾಗಿತ್ತು. ಪ್ರಯೋಗದ ಫಲಕಗಳು ನಾಶಮಾಡಲ್ಪಟ್ಟಿದ್ದುದರಿಂದ ಅವುಗಳನ್ನು ಮತ್ತೊಬ್ಬರು ಪರೀಕ್ಷಿಸುವಂತಿರಲಿಲ್ಲ. ಜಾಡುಗಾರರ ಮಾತಿಗೆ ಡಾರ್ವಿನ್ನಿನಲ್ಲಿ ದೊರೆಯದಿದ್ದ ಗೌರವವು ಇಲ್ಲಿ ದೊರೆಯಿತು. ಈ ಸಾಕ್ಷ್ಯವೆಲ್ಲವೂ ಮೊದಲೇ ಜೂರಿಗಳ ಮುಂದೆ ಬಂದಿದ್ದರೆ, ಬಿಡುಗಡೆ ಮಾಡಿರೆಂದು ಅವರಿಗೆ ನಿರ್ದೇಶಿಸುವುದು ನ್ಯಾಯಾಧೀಶನ ಕರ್ತವ್ಯವಾಗುತ್ತಿತ್ತೆಂದು ವರದಿಯು ಹೇಳಿತು.

ನ್ಯಾಯಶಾಸ್ತ್ರದ ಪಾಠಶಾಲೆಗಳಲ್ಲಿ ಬಾಲಕರಿಗೆ ಕಲಿಸುವ ದೋಷ ಇದು. ದೂರದಲ್ಲಿ ಮಂಜನ್ನು ಕಂಡು ಹೊಗೆಯೆಂದು ಭ್ರಮಿಸಿ ಬೆಟ್ಟದ ಮೇಲೆ ಬೆಂಕಿಯನ್ನು ಸಾಧಿಸಹೊರಟವನ ಹೇತುವು ಅಸಿದ್ಧವು. ಹೊಗೆಯಿದ್ದಲ್ಲಿ ಬೆಂಕಿಯೆಂಬ ವ್ಯಾಪ್ತಿಯಲ್ಲಿ ಲೋಪವಿಲ್ಲ; ಹೊಗೆಯೇ ಇಲ್ಲ. ರಕ್ತವಿದ್ದಲ್ಲಿ ಗಾಯವುಂಟೆಂಬ ಮಾತು ನಿಜ. ಆದರೆ ಅದು ರಕ್ತವೇ ಅಲ್ಲ. ಹೇತುವನ್ನು ಪರೀಕ್ಷಿಸುವ ಮೊದಲೇ ಸಾಧ್ಯವನ್ನು ನಿಶ್ಚಯಿಸಿಕೊಂಡವರಿಗೆ ಕಂದುಬಣ್ಣದ ಲೇಪವೂ ರಕ್ತವಾಗಿ ತೋರುತ್ತದೆ. ಇಲ್ಲಿ ಆ ನಿಶ್ಚಯಕ್ಕೆ ನೆಲವನ್ನು ಹದಮಾಡಿಟ್ಟುದು ಜನಾಪವಾದವು. ವಿಜ್ಞಾನವು ವದಂತಿಯನ್ನು ತಿದ್ದಬೇಕಾಗಿತ್ತು. ಅದರ ಬದಲು ವದಂತಿಗೆ ಸಾಕ್ಷಿ ನುಡಿಯಿತು.

೫. ಕೊನೆಯ ನಿರ್ಣಯ

೧೯೮೮ನೆಯ ಸೆಪ್ಟೆಂಬರ್ ೧೫ರಂದು ಇಬ್ಬರ ಮೇಲಿನ ಶಿಕ್ಷೆಗಳೂ ರದ್ದಾದುವು. ೧೯೯೨ರಲ್ಲಿ ಹದಿಮೂರು ಲಕ್ಷ ಡಾಲರುಗಳ ಪರಿಹಾರವು ದೊರೆಯಿತು. ಆದರೂ ೧೯೯೫ರ ಮೂರನೆಯ ಮರಣವಿಚಾರಣೆಯು ಸಾವಿನ ಕಾರಣವನ್ನು ನಿರ್ಣಯಿಸದೆ ಬಿಟ್ಟಿತು. ೨೦೦೧ರಲ್ಲಿ ಫ್ರೇಸರ್ ದ್ವೀಪದಲ್ಲಿ ಒಂಬತ್ತು ವರ್ಷದ ಬಾಲಕನೊಬ್ಬನು ಡಿಂಗೋಗಳಿಂದ ಹತನಾದ ಮೇಲೆ, ಅವು ಮಕ್ಕಳನ್ನು ಕೊಲ್ಲಲಾರವೆಂಬ ಮಾತಿಗೆ ಆಧಾರವಿಲ್ಲದಾಯಿತು. ೨೦೧೨ನೆಯ ಜೂನ್ ೧೨ರಂದು, ನಾಲ್ಕನೆಯ ವಿಚಾರಣೆಯ ಅಧಿಕಾರಿಣಿ ಎಲಿಜಬೆತ್ ಮಾರಿಸ್ ಅವರು ಅಜಾರಿಯಾಳ ಸಾವಿಗೆ ಡಿಂಗೋವೇ ಕಾರಣವೆಂದು ತೀರ್ಮಾನಿಸಿ, ಮರಣಪತ್ರದಲ್ಲಿ ಹಾಗೆಯೇ ಬರೆಯಿಸಿದರು.

ಆ ಪತ್ರದಲ್ಲಿ ಹೊಸದಾಗಿ ಬರೆದುದು ಯಾವುದೂ ಇರಲಿಲ್ಲ. ಮೊದಲ ರಾತ್ರಿ ತಾಯಿಯು ಕೂಗಿ ಹೇಳಿದ್ದುದು ಅದೇ; ಮರಳಿನ ಮೇಲೆ ಜಾಡುಗಾರರು ಓದಿದ್ದುದೂ ಅದೇ. ಕೃಷ್ಣನು ಪುರಜನರನ್ನು ಜೊತೆಗೆ ಕರೆದುಕೊಂಡು ಹೋದುದರ ತಾತ್ಪರ್ಯವು ಇಲ್ಲಿ ತಿಳಿಯುತ್ತದೆ. ಹೆಜ್ಜೆಯು ನೆಲದ ಮೇಲೆ ಇದ್ದರೆ ಸಾಲದು. ಮಾತನಾಡುವವರು ಅಲ್ಲಿಯವರೆಗೆ ನಡೆದು ಹೋಗಿ ಅದನ್ನು ನೋಡಬೇಕು. ಹಾಗೆ ನಡೆದು ಹೋಗಲೊಲ್ಲದ ಜನರ ಅಪವಾದಕ್ಕೆ, ಶಿಶುವನ್ನು ಕಳೆದುಕೊಂಡ ತಾಯಿಯೊಬ್ಬಳು ಮೂರು ವರ್ಷಗಳಿಗೂ ಮಿಕ್ಕ ಸೆರೆವಾಸವನ್ನು ತೆತ್ತಳು.