ಮೊಂಟಾನಾ ರಾಜ್ಯದಲ್ಲಿ ಚುನಾವಣಾ ಹಣದ ನಿಯಂತ್ರಣ: ಒಂದು ಶತಮಾನದ ಸಮೀಕ್ಷೆ

ಪ್ರಜಾಪ್ರಭುತ್ವದ ಚರಿತ್ರೆಯನ್ನು ಬರೆಯುವವರು ಮತಾಧಿಕಾರವು ಹಂತಹಂತವಾಗಿ ವಿಸ್ತಾರಗೊಂಡ ಬಗೆಯನ್ನು ಸವಿವರವಾಗಿ ವರ್ಣಿಸುವುದುಂಟು. ಆ ಮತವನ್ನು ಗಳಿಸುವುದಕ್ಕಾಗಿ ವ್ಯಯವಾದ ಹಣದ ಚರಿತ್ರೆಗೆ ನಮ್ಮ ಪಠ್ಯಗ್ರಂಥಗಳಲ್ಲಿ ಅಷ್ಟು ಸ್ಥಳ ದೊರೆತಿಲ್ಲ. ಹಣವು ಯಾರಿಂದ ಬಂದಿತು, ಅದನ್ನು ಯಾರು ವೆಚ್ಚಮಾಡಿದರು, ಅದಕ್ಕೆ ಮಿತಿಯನ್ನು ಗೊತ್ತುಪಡಿಸುವ ಅಧಿಕಾರ ಯಾರದು ಎಂಬ ಪ್ರಶ್ನೆಗಳು ಮತಾಧಿಕಾರದ ಪ್ರಶ್ನೆಯಷ್ಟೇ ಮಹತ್ತ್ವವುಳ್ಳವು. ಈ ಲೇಖನದಲ್ಲಿ ನಾವು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಮೊಂಟಾನಾ ರಾಜ್ಯದ ಅನುಭವವನ್ನು ಪರಿಶೀಲಿಸಲು ಉದ್ದೇಶಿಸಿದ್ದೇವೆ. ವಿಸ್ತೀರ್ಣದಲ್ಲಿ ದೊಡ್ಡದೂ ಜನಸಂಖ್ಯೆಯಲ್ಲಿ ಚಿಕ್ಕದೂ ಆದ ಈ ರಾಜ್ಯವನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ೧೯೧೨ರಲ್ಲಿ ಅಲ್ಲಿಯ ಮತದಾರರು ತಮ್ಮ ಕೈಯಾರೆ ರಚಿಸಿಕೊಂಡ ಶಾಸನವೊಂದು ಸರಿಯಾಗಿ ಒಂದು ನೂರು ವರ್ಷಗಳ ತರುವಾಯ, ೨೦೧೨ರಲ್ಲಿ, ರಾಷ್ಟ್ರದ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಬಿದ್ದುಹೋಯಿತು. ಒಂದು ರಾಜ್ಯದ ಚರಿತ್ರೆಯನ್ನು ನ್ಯಾಯಾಲಯವು ಸಾಕ್ಷ್ಯವಾಗಿ ಸ್ವೀಕರಿಸಬೇಕೆ ಎಂಬ ಪ್ರಶ್ನೆಯೇ ಆ ಮೊಕದ್ದಮೆಯಲ್ಲಿ ಎದ್ದಿತ್ತಾದ ಕಾರಣ, ಚರಿತ್ರೆಯ ವಿದ್ಯಾರ್ಥಿಗಳಾದ ನಮಗೆ ಇದು ವಿಶೇಷವಾಗಿ ವಿಚಾರಣೀಯವಾಗಿದೆ.

೧. ತಾಮ್ರದ ಒಡೆಯರು

೧೮೬೨ರಲ್ಲಿ ಚಿನ್ನದ ನಿಕ್ಷೇಪಗಳು ಗೋಚರಿಸಿದಂದಿನಿಂದ ಮೊಂಟಾನಾದ ಕಡೆಗೆ ವಲಸೆಗಾರರು ಧಾವಿಸತೊಡಗಿದರು. ೧೮೬೪ರಲ್ಲಿ ಅದು ಪ್ರತ್ಯೇಕ ಪ್ರಾಂತವಾಯಿತು. ೧೮೮೯ರ ನವೆಂಬರ್ ೮ರಂದು ರಾಜ್ಯದ ಪದವಿಯನ್ನು ಪಡೆಯಿತು. ಅಷ್ಟರಲ್ಲಿ ಬ್ಯೂಟ್ ನಗರದ ಬೆಟ್ಟದಲ್ಲಿ ತಾಮ್ರದ ಅಪಾರ ರಾಶಿಯಿರುವುದು ತಿಳಿದುಬಂದಿದ್ದಿತು. ವಿದ್ಯುದ್ದೀಪ, ವಿದ್ಯುತ್ತಂತಿಗಳ ಯುಗವು ಆರಂಭವಾಗುತ್ತಿದ್ದ ಆ ಕಾಲದಲ್ಲಿ ತಾಮ್ರವುಳ್ಳವನೇ ಧನಿಕ. ಅನಕೊಂಡಾ ಗಣಿಗಳ ಮಾರ್ಕಸ್ ಡೇಲಿ ಮತ್ತು ಗಣಿ ಹಾಗೂ ಬ್ಯಾಂಕುಗಳ ಒಡೆಯನಾದ ವಿಲಿಯಂ ಆಂಡ್ರ್ಯೂಸ್ ಕ್ಲಾರ್ಕ್, ಇವರಿಬ್ಬರೂ ಅಂಥ ಧನಿಕರು, ಪರಸ್ಪರ ವೈರಿಗಳು. ಇಬ್ಬರೂ ಡೆಮೊಕ್ರಾಟಿಕ್ ಪಕ್ಷದವರಾಗಿದ್ದರೂ ಅವರ ಹಗೆತನವು ರಾಜ್ಯದ ರಾಜಕೀಯವನ್ನೆಲ್ಲ ಆವರಿಸಿತು.

೧೮೯೪ರಲ್ಲಿ ರಾಜಧಾನಿಯನ್ನು ನಿರ್ಧರಿಸುವ ಮತದಾನ ನಡೆಯಿತು. ಡೇಲಿಯು ತನ್ನ ಅನಕೊಂಡಾ ಪಟ್ಟಣದ ಪರವಾಗಿಯೂ ಕ್ಲಾರ್ಕನು ಹೆಲೆನಾದ ಪರವಾಗಿಯೂ ನಿಂತು ಹಣವನ್ನು ನೀರಿನಂತೆ ಚೆಲ್ಲಿದರು. ಹೆಲೆನಾ ಎರಡು ಸಾವಿರಕ್ಕೂ ಕಡಮೆ ಮತಗಳ ಅಂತರದಿಂದ ಗೆದ್ದಿತು. ಆದರೆ ಈ ಸ್ಪರ್ಧೆಯ ಪರಾಕಾಷ್ಠೆಯನ್ನು ನಾವು ಕಾಣುವುದು ೧೮೯೯ರಲ್ಲಿ. ಆಗ ಸೆನೆಟ್ಟಿನ ಸದಸ್ಯರನ್ನು ಜನರು ನೇರವಾಗಿ ಚುನಾಯಿಸುತ್ತಿರಲಿಲ್ಲ. ಆಯಾ ರಾಜ್ಯದ ವಿಧಾನಮಂಡಲವು ಚುನಾಯಿಸುತ್ತಿದ್ದಿತು. ಕ್ಲಾರ್ಕನು ಆ ಸ್ಥಾನವನ್ನು ಬಯಸಿದನು. ಜನವರಿ ತಿಂಗಳಲ್ಲಿ ವಿಧಾನಮಂಡಲದ ಸದಸ್ಯನಾದ ಫ್ರೆಡ್ ವೈಟ್‌ಸೈಡ್ ಎಂಬವನು ಎದ್ದುನಿಂತು, ಮತಗಳನ್ನು ಕೊಳ್ಳುವುದಕ್ಕಾಗಿ ಕ್ಲಾರ್ಕನ ಕಡೆಯವರು ಕೊಟ್ಟುದೆಂದು ಹೇಳಿ ಲಕೋಟೆಗಳಲ್ಲಿದ್ದ ೩೦,೦೦೦ ಡಾಲರುಗಳನ್ನು ಎಲ್ಲರೆದುರಿಗೆ ತೋರಿಸಿದನು. ಹೀಗಿದ್ದೂ ಅದೇ ತಿಂಗಳಿನಲ್ಲಿ ಕ್ಲಾರ್ಕನು ಚುನಾಯಿತನಾದನು.

ಸೆನೆಟ್ಟಿನ ಸಮಿತಿಯು ವಿಚಾರಣೆ ನಡೆಸಿ ಆ ಚುನಾವಣೆಯು ಊರ್ಜಿತವಲ್ಲವೆಂದು ಅಭಿಪ್ರಾಯಪಟ್ಟಿತು. ಸಭೆಯು ನಿರ್ಣಯ ಕೈಗೊಳ್ಳುವ ಮುನ್ನವೇ, ೧೯೦೦ರ ಮೇ ೧೫ರಂದು, ಕ್ಲಾರ್ಕನು ರಾಜೀನಾಮೆ ಕೊಟ್ಟನು. ಅವನಿಗೆ ಪ್ರತಿಕೂಲನಾಗಿದ್ದ ಗವರ್ನರ್ ರಾಬರ್ಟ್ ಸ್ಮಿತ್ ಆ ಸಮಯದಲ್ಲಿ ರಾಜ್ಯದಿಂದ ಹೊರಗೆ ಇದ್ದನು. ಅವನ ಸ್ಥಾನದಲ್ಲಿ ಕಾರ್ಯನಿರ್ವಹಿಸುತ್ತಿದ್ದ ಉಪಗವರ್ನರನು ತೆರವಾದ ಆ ಸ್ಥಾನಕ್ಕೆ ಕ್ಲಾರ್ಕನನ್ನೇ ನೇಮಿಸಿಬಿಟ್ಟನು! ಗವರ್ನರನು ಹಿಂದಿರುಗಿ ಬಂದು ನೇಮಕವನ್ನು ರದ್ದುಪಡಿಸಿದನು. ಆದರೂ ೧೯೦೧ರಲ್ಲಿ ಹೊಸ ವಿಧಾನಮಂಡಲವು ಕ್ಲಾರ್ಕನನ್ನು ಮತ್ತೆ ಚುನಾಯಿಸಿತು. ೧೯೦೭ರ ವರೆಗೆ ಅವನು ಸೆನೆಟ್ಟಿನಲ್ಲಿ ಕುಳಿತನು. ಸೆನೆಟ್ಟಿಗೆ ನೇರ ಚುನಾವಣೆಯನ್ನು ವಿಧಿಸಿದ ೧೯೧೩ರ ಹದಿನೇಳನೆಯ ತಿದ್ದುಪಡಿಯ ಹಿನ್ನೆಲೆಯಲ್ಲಿ ಈ ಪ್ರಕರಣವನ್ನು ಇತಿಹಾಸಕಾರರು ಇಂದಿಗೂ ಉದಾಹರಿಸುತ್ತಾರೆ.

ವ್ಯಕ್ತಿಗಳ ಹಣದ ಸ್ಥಾನವನ್ನು ಕಂಪೆನಿಯ ಹಣವು ಆಕ್ರಮಿಸಿದುದು ಇದರ ಮುಂದಿನ ಹಂತ. ೧೮೯೯ರಲ್ಲಿ ಸ್ಟಾಂಡರ್ಡ್ ಆಯಿಲ್ ಸಂಸ್ಥೆಯ ಪ್ರಮುಖರು ಅಮಾಲ್ಗಮೇಟೆಡ್ ಕಾಪರ್ ಎಂಬ ಕಂಪೆನಿಯನ್ನು ಸ್ಥಾಪಿಸಿ ಅನಕೊಂಡಾವನ್ನು ತಮ್ಮ ಹಿಡಿತಕ್ಕೆ ತಂದುಕೊಂಡರು. ಅವರಿಗೆದುರಾಗಿ ನಿಂತ ಆಗಸ್ಟಸ್ ಹೈನ್ಸ್ ಎಂಬ ಗಣಿಗಾರನು ಅನುಸರಿಸಿದ ಮಾರ್ಗವೇ ಬೇರೆ. ಅಲ್ಲಿಯ ನ್ಯಾಯಾಧೀಶರೂ ಚುನಾಯಿತರೇ ಆಗಿದ್ದುದರಿಂದ, ಅವನು ತನಗೆ ಅನುಕೂಲರಾದ ನ್ಯಾಯಾಧೀಶರ ಚುನಾವಣೆಗೆ ಶ್ರಮಿಸಿ, ಗಣಿಗಳ ಒಡೆತನದ ವ್ಯಾಜ್ಯಗಳಲ್ಲಿ ಮೇಲುಗೈ ಸಾಧಿಸಿದನು. ೧೯೦೩ರ ಅಕ್ಟೋಬರಿನಲ್ಲಿ ಅಂಥ ಒಂದು ತೀರ್ಪು ಹೊರಬಿದ್ದ ಕೂಡಲೆ ಅಮಾಲ್ಗಮೇಟೆಡ್ ಕಂಪೆನಿಯು ರಾಜ್ಯದಲ್ಲಿನ ತನ್ನ ಕಾರ್ಯಾಗಾರಗಳನ್ನೆಲ್ಲ ಮುಚ್ಚಿ ಸಾವಿರಾರು ಮಂದಿ ಕೆಲಸಗಾರರನ್ನು ಬೀದಿಪಾಲು ಮಾಡಿತು. ಚಳಿಗಾಲವು ಸಮೀಪಿಸುತ್ತಿದ್ದಿತು. ಪಕ್ಷಪಾತಿಯೆಂದು ಕಂಡುಬರುವ ನ್ಯಾಯಾಧೀಶನನ್ನು ಬದಲಾಯಿಸುವ ಅವಕಾಶವನ್ನು ಕಕ್ಷಿಗಾರರಿಗೆ ಕೊಡುವ ಕಾನೂನು ಬೇಕೆಂಬುದು ಕಂಪೆನಿಯ ಕೋರಿಕೆ. ಗವರ್ನರ್ ಜೋಸೆಫ್ ಟೂಲ್ ವಿಶೇಷಾಧಿವೇಶನವನ್ನು ಕರೆಯಬೇಕಾಯಿತು; ಕಾನೂನು ಅಂಗೀಕೃತವಾಯಿತು; ಗಣಿಗಳು ಮತ್ತೆ ತೆರೆದವು. ಈ ಕಾನೂನು ತನ್ನಷ್ಟಕ್ಕೆ ನ್ಯಾಯವಾದುದೇ ಆಗಿರಬಹುದು. ಆದರೆ ಶಾಸನಸಭೆಯು ಯಾರ ಆಜ್ಞೆಗೆ ಬಾಗುತ್ತದೆಂಬುದು ಅಂದು ಸಾಮಾನ್ಯ ಕೆಲಸಗಾರನಿಗೂ ಮನದಟ್ಟಾಯಿತು.

೨. ೧೯೧೨ರ ಶಾಸನ

ಚುನಾವಣಾ ಹಣಕ್ಕೆ ಕಟ್ಟು ಹಾಕುವ ಪ್ರಯತ್ನಕ್ಕೆ ಆ ವೇಳೆಗೆ ಮೇಲ್ಪಂಕ್ತಿಗಳು ಇಲ್ಲದಿರಲಿಲ್ಲ. ಇಂಗ್ಲೆಂಡಿನ ಪಾರ್ಲಿಮೆಂಟು ೧೮೮೩ರಲ್ಲಿಯೇ ಉಮೇದುವಾರನ ವೆಚ್ಚಕ್ಕೆ ಗರಿಷ್ಠ ಮಿತಿಯನ್ನು ವಿಧಿಸಿದ್ದಿತು. ೧೮೯೦ರಲ್ಲಿ ನ್ಯೂಯಾರ್ಕ್ ರಾಜ್ಯವು ಉಮೇದುವಾರರು ವೆಚ್ಚದ ಲೆಕ್ಕವನ್ನು ಒಪ್ಪಿಸಬೇಕೆಂದು ಗೊತ್ತುಮಾಡಿತು. ೧೯೦೭ರ ಟಿಲ್‌ಮನ್ ಶಾಸನವು ರಾಷ್ಟ್ರೀಯ ಚುನಾವಣೆಗಳಿಗೆ ಕಂಪೆನಿಗಳು ದೇಣಿಗೆ ಕೊಡುವುದನ್ನು ನಿಷೇಧಿಸಿತು. ಒರೆಗಾನ್ ರಾಜ್ಯದ ಮತದಾರರು ೧೯೦೮ರಲ್ಲಿ ಇಂಥದೇ ಶಾಸನವೊಂದನ್ನು ತಾವಾಗಿಯೇ ಅಂಗೀಕರಿಸಿದರು.

ಈ ಕಡೆಯ ಮಾತು ಮುಖ್ಯವಾದುದು. ಕಂಪೆನಿಯ ಪ್ರಭಾವದಲ್ಲಿದ್ದ ವಿಧಾನಮಂಡಲವು ಕಂಪೆನಿಯ ಕೈ ಕಟ್ಟುವ ಕಾನೂನನ್ನು ಮಾಡುವುದೆಂದು ನಿರೀಕ್ಷಿಸುವಂತಿರಲಿಲ್ಲ. ೧೯೦೬ರಲ್ಲಿ ಮೊಂಟಾನಾದ ರಾಜ್ಯಾಂಗಕ್ಕೆ ತಿದ್ದುಪಡಿಯಾಗಿ, ನಿಗದಿಯಾದ ಸಂಖ್ಯೆಯ ಮತದಾರರು ಸಹಿಮಾಡಿ ಮಸೂದೆಯೊಂದನ್ನು ನೇರವಾಗಿ ಜನರ ಮತಕ್ಕೆ ಹಾಕುವ ಅಧಿಕಾರ ದೊರೆತಿದ್ದಿತು. ಇನಿಷಿಯೇಟಿವ್ ಎಂದು ಕರೆಯಲ್ಪಡುವ ಈ ಪದ್ಧತಿಯ ಮೂಲಕವೇ ೧೯೧೨ರ ನವೆಂಬರಿನಲ್ಲಿ ಭ್ರಷ್ಟಾಚರಣೆ ನಿಷೇಧ ಶಾಸನವು ದೊಡ್ಡ ಬಹುಮತದಿಂದ ಅಂಗೀಕೃತವಾಯಿತು. ಉಮೇದುವಾರನಿಗಾಗಲಿ ಪಕ್ಷಕ್ಕಾಗಲಿ ಸಂಬಂಧಿಸಿದಂತೆ ಯಾವ ಕಂಪೆನಿಯೂ ದೇಣಿಗೆ ನೀಡಕೂಡದು, ವೆಚ್ಚವನ್ನೂ ಮಾಡಕೂಡದು ಎಂಬುದು ಅದರ ತಿರುಳು. ಈ ಎರಡು ನಿಷೇಧಗಳನ್ನೂ ಓದುಗರು ಬೇರೆ ಬೇರೆಯಾಗಿ ನೆನಪಿಡಬೇಕು. ಮುಂದಿನ ವಿವಾದವೆಲ್ಲ ಇವೆರಡರ ಅಂತರವನ್ನೇ ಅವಲಂಬಿಸಿದೆ.

ಶಾಸನವು ಎಷ್ಟರಮಟ್ಟಿಗೆ ಫಲಕಾರಿಯಾಯಿತು? ಈ ಪ್ರಶ್ನೆಗೆ ಉತ್ಸಾಹದಿಂದ ಉತ್ತರ ಕೊಡುವುದು ಸುಲಭ, ಪ್ರಮಾಣಗಳನ್ನು ತೂಗಿ ಉತ್ತರ ಕೊಡುವುದು ಕಷ್ಟ. ಲಕೋಟೆಗಳಲ್ಲಿ ಹಣವನ್ನು ಹಂಚುತ್ತಿದ್ದ ದಿನಗಳು ಮುಗಿದುವೆಂಬುದು ನಿಜ. ಆದರೆ ಅನಕೊಂಡಾ ಕಂಪೆನಿಯ ಪ್ರಾಬಲ್ಯವು ೧೯೧೨ರೊಡನೆ ಮುಗಿಯಲಿಲ್ಲ. ರಾಜ್ಯದ ಪ್ರಮುಖ ದಿನಪತ್ರಿಕೆಗಳಲ್ಲಿ ಹೆಚ್ಚಿನವು ಅದರ ಒಡೆತನದಲ್ಲಿದ್ದುವು. ೧೯೫೯ರಲ್ಲಿ ಮಾತ್ರವೇ ಅವುಗಳನ್ನು ಅದು ಮಾರಿತು. ಕಂಪೆನಿಯು ಉಮೇದುವಾರನಿಗೆ ಒಂದು ಡಾಲರನ್ನೂ ಕೊಡುವಂತಿರಲಿಲ್ಲ; ಆದರೆ ತನ್ನ ಪತ್ರಿಕೆಯಲ್ಲಿ ಅವನನ್ನು ಹೊಗಳಬಹುದಾಗಿತ್ತು, ತೆಗಳಬಹುದಾಗಿತ್ತು, ಅಥವಾ ಅವನ ಹೆಸರನ್ನೇ ಎತ್ತದೆ ಬಿಡಬಹುದಾಗಿತ್ತು. ಹಣಕ್ಕೆ ಒಂದು ಬಾಗಿಲನ್ನು ಮುಚ್ಚಿದರೆ ಅದು ಮತ್ತೊಂದನ್ನು ಹುಡುಕುತ್ತದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

೩. ನ್ಯಾಯಾಲಯಗಳ ವಿಚಾರಣೆ

೧೯೭೬ರ ಜನವರಿ ೩೦ರಂದು ಸುಪ್ರೀಂ ಕೋರ್ಟು ಬಕ್ಲಿ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪಿನಿಂದ ಈ ವಿಷಯದ ಹೊಸ ಅಧ್ಯಾಯವು ಆರಂಭವಾಗುತ್ತದೆ. ಉಮೇದುವಾರನಿಗೆ ಕೊಡುವ ದೇಣಿಗೆಗೆ ಮಿತಿ ಹಾಕಬಹುದು, ಏಕೆಂದರೆ ಕೊಟ್ಟವನಿಗೂ ಪಡೆದವನಿಗೂ ನಡುವೆ ಒಳಒಪ್ಪಂದದ ಭಯವುಂಟು. ಆದರೆ ಪ್ರಚಾರಕ್ಕಾಗಿ ಮಾಡುವ ವೆಚ್ಚಕ್ಕೆ ಮಿತಿ ಹಾಕಕೂಡದು, ಏಕೆಂದರೆ ಅದು ವಾಕ್‌ಸ್ವಾತಂತ್ರ್ಯಕ್ಕೆ ಮಿತಿ ಹಾಕಿದಂತೆ ಎಂಬುದು ಆ ತೀರ್ಪಿನ ಸಾರ.

ರಾಜ್ಯಗಳು ಈ ಸೂತ್ರವನ್ನು ಸುಲಭವಾಗಿ ಒಪ್ಪಲಿಲ್ಲ. ವರ್ಮಾಂಟ್ ರಾಜ್ಯವು ೧೯೯೭ರಲ್ಲಿ ಗವರ್ನರ್ ಪದವಿಯ ಉಮೇದುವಾರನ ವೆಚ್ಚಕ್ಕೆ ೩,೦೦,೦೦೦ ಡಾಲರುಗಳ ಮಿತಿಯನ್ನೂ, ರಾಜ್ಯದ ಕೆಳಮನೆಯ ಉಮೇದುವಾರನಿಗೆ ಒಬ್ಬನು ಎರಡು ವರ್ಷಗಳ ಅವಧಿಯಲ್ಲಿ ಕೊಡಬಹುದಾದ ದೇಣಿಗೆಗೆ ೨೦೦ ಡಾಲರುಗಳ ಮಿತಿಯನ್ನೂ ಗೊತ್ತುಮಾಡಿತು. ೨೦೦೬ರಲ್ಲಿ ಸುಪ್ರೀಂ ಕೋರ್ಟು ಇವೆರಡನ್ನೂ ತಳ್ಳಿಹಾಕಿತು. ವೆಚ್ಚದ ಮಿತಿಯು ಬಕ್ಲಿ ಸೂತ್ರಕ್ಕೆ ವಿರುದ್ಧವೆಂದೂ, ದೇಣಿಗೆಯ ಮಿತಿಯು ಹೊಸ ಉಮೇದುವಾರರು ಸ್ಪರ್ಧಿಸಲಾರದಷ್ಟು ಸಣ್ಣದೆಂದೂ ಅದು ಕಾರಣ ಹೇಳಿತು. ಈ ಎರಡನೆಯ ಕಾರಣವು ಗಮನಾರ್ಹ. ಮಿತಿಯನ್ನು ಗೊತ್ತುಮಾಡುವವರು ಅಧಿಕಾರದಲ್ಲಿರುವವರು. ತೀರ ಸಣ್ಣ ಮಿತಿಯು ಆಗಲೇ ಹೆಸರುಗಳಿಸಿರುವವರಿಗೆ ರಕ್ಷೆಯಾಗಿ ಪರಿಣಮಿಸುವ ಸಂಭವವಿದೆ.

೨೦೧೦ರ ಜನವರಿ ೨೧ರಂದು ಸಿಟಿಜನ್ಸ್ ಯುನೈಟೆಡ್ ಮೊಕದ್ದಮೆಯಲ್ಲಿ, ಉಮೇದುವಾರನ ಸಂಪರ್ಕವಿಲ್ಲದೆ ಸ್ವತಂತ್ರವಾಗಿ ಮಾಡುವ ವೆಚ್ಚದಿಂದ ಭ್ರಷ್ಟಾಚಾರವು ಉಂಟಾಗದೆಂದೂ, ಅಂಥ ವೆಚ್ಚವನ್ನು ಕಂಪೆನಿಗಳು ಮಾಡುವುದನ್ನು ನಿಷೇಧಿಸಲಾಗದೆಂದೂ ಐವರು ನ್ಯಾಯಮೂರ್ತಿಗಳು ನಾಲ್ವರ ವಿರುದ್ಧ ತೀರ್ಪಿತ್ತರು. ಇದು ರಾಷ್ಟ್ರೀಯ ಶಾಸನಕ್ಕೆ ಸಂಬಂಧಿಸಿದುದು. ಇದನ್ನೇ ಆಧಾರವಾಗಿಟ್ಟುಕೊಂಡು ಸಂಸ್ಥೆಯೊಂದು ಮೊಂಟಾನಾದ ೧೯೧೨ರ ಶಾಸನವನ್ನೂ ಪ್ರಶ್ನಿಸಿತು. ೨೦೧೧ರ ಡಿಸೆಂಬರ್ ೩೦ರಂದು ಮೊಂಟಾನಾದ ಸುಪ್ರೀಂ ಕೋರ್ಟು ಐದಕ್ಕೆ ಎರಡರ ಬಹುಮತದಿಂದ ಶಾಸನವನ್ನು ಎತ್ತಿಹಿಡಿಯಿತು. ಮುಖ್ಯ ನ್ಯಾಯಮೂರ್ತಿ ಮೈಕ್ ಮ್ಯಾಕ್‌ಗ್ರಾತ್ ಬರೆದ ಆ ತೀರ್ಪಿನಲ್ಲಿ ಕ್ಲಾರ್ಕ್, ಹೈನ್ಸ್, ಅಮಾಲ್ಗಮೇಟೆಡ್ ಕಂಪೆನಿಗಳ ವೃತ್ತಾಂತವು ಸವಿಸ್ತಾರವಾಗಿ ಬಂದಿದೆ. ಈ ರಾಜ್ಯದ ಚರಿತ್ರೆಯು ವಿಶಿಷ್ಟವಾದುದು; ಕಂಪೆನಿಯ ಹಣದಿಂದ ಸರಕಾರವು ಕೆಟ್ಟುದನ್ನು ಜನರು ಕಂಡಿದ್ದಾರೆ; ಆದಕಾರಣ ನಿಷೇಧಕ್ಕೆ ಸಾಕಷ್ಟು ಸಮರ್ಥನೆಯುಂಟು ಎಂಬುದು ಅವರ ವಾದ. ಭಿನ್ನಮತ ಸೂಚಿಸಿದವರಲ್ಲಿ ಒಬ್ಬರಾದ ನ್ಯಾಯಮೂರ್ತಿ ಜೇಮ್ಸ್ ನೆಲ್ಸನ್, ಸಿಟಿಜನ್ಸ್ ಯುನೈಟೆಡ್ ತೀರ್ಪು ತಮಗೆ ಒಪ್ಪಿಗೆಯಿಲ್ಲವೆಂದು ಸ್ಪಷ್ಟವಾಗಿ ಹೇಳಿಯೂ, ರಾಜ್ಯದ ನ್ಯಾಯಾಲಯವು ಅದಕ್ಕೆ ಬದ್ಧವೆಂದು ಬರೆದರು.

ಇಪ್ಪತ್ತೆರಡು ಇತರ ರಾಜ್ಯಗಳು ಮೊಂಟಾನಾದ ಬೆಂಬಲಕ್ಕೆ ಬಂದವು. ಆದರೂ ೨೦೧೨ರ ಜೂನ್ ೨೫ರಂದು ರಾಷ್ಟ್ರದ ಸುಪ್ರೀಂ ಕೋರ್ಟು, ಮೌಖಿಕ ವಾದವನ್ನೂ ಕೇಳದೆ, ಅತಿ ಸಂಕ್ಷಿಪ್ತವಾದ ತೀರ್ಪಿನಿಂದ ರಾಜ್ಯದ ತೀರ್ಪನ್ನು ರದ್ದುಗೊಳಿಸಿತು. ನಾಲ್ವರು ನ್ಯಾಯಮೂರ್ತಿಗಳು ಒಪ್ಪಲಿಲ್ಲ. ಮೊಂಟಾನಾದ ಅನುಭವವು ಸ್ವತಂತ್ರ ವೆಚ್ಚವೂ ಭ್ರಷ್ಟತೆಗೆ ಎಡೆಗೊಡಬಲ್ಲುದೆಂದು ಶಂಕಿಸಲು ಆಧಾರವಾಗಿದೆಯೆಂಬುದು ಅವರ ಪರವಾಗಿ ಬರೆದ ನ್ಯಾಯಮೂರ್ತಿ ಬ್ರೇಯರ್ ಅವರ ನಿಲವು. ಅದೇ ವರ್ಷದ ನವೆಂಬರಿನಲ್ಲಿ ಮೊಂಟಾನಾದ ಮತದಾರರು, ಕಂಪೆನಿಗಳು ಮನುಷ್ಯರಿಗಿರುವ ಸಂವಿಧಾನಾತ್ಮಕ ಹಕ್ಕುಗಳುಳ್ಳವಲ್ಲವೆಂಬ ಆಶಯದ ನಿರ್ಣಯವನ್ನು ದೊಡ್ಡ ಬಹುಮತದಿಂದ ಅಂಗೀಕರಿಸಿದರು. ಅದಕ್ಕೆ ನೈತಿಕ ಬಲವಿದ್ದೀತೇ ಹೊರತು ತೀರ್ಪನ್ನು ಬದಲಿಸುವ ಬಲವಿರಲಿಲ್ಲ. ಇತ್ತ, ೧೯೯೪ರಲ್ಲಿ ಅದೇ ಮತದಾರರು ಅಂಗೀಕರಿಸಿದ್ದ ದೇಣಿಗೆಯ ಮಿತಿಗಳನ್ನು ಮೇಲ್ಮನವಿ ನ್ಯಾಯಾಲಯವು ೨೦೧೭ರಲ್ಲಿ ಎತ್ತಿಹಿಡಿಯಿತು. ಹೀಗೆ ದೇಣಿಗೆಯ ಮಿತಿ ಉಳಿಯಿತು; ವೆಚ್ಚದ ನಿಷೇಧ ಅಳಿಯಿತು.

೪. ಕೆಲವು ವಿಚಾರಗಳು

ಈ ವೃತ್ತಾಂತವನ್ನು ಹಳ್ಳಿಯವರಿಗೂ ಪಟ್ಟಣದ ಧನಿಕರಿಗೂ ನಡೆದ ಕಾಳಗವೆಂಬಂತೆ ಸರಳಗೊಳಿಸುವುದು ಯುಕ್ತವಲ್ಲ. ಮೊಂಟಾನಾದ ಚರಿತ್ರೆಯು ಎರಡು ಪಕ್ಷಗಳಿಗೂ ಸಾಕ್ಷ್ಯವನ್ನು ಒದಗಿಸುತ್ತದೆ. ಕಡಿವಾಣವಿಲ್ಲದ ಹಣವು ಸಭೆಗಳನ್ನೂ ನ್ಯಾಯಪೀಠಗಳನ್ನೂ ಕೆಡಿಸಬಲ್ಲುದೆಂದು ೧೮೯೯ ಮತ್ತು ೧೯೦೩ರ ಘಟನೆಗಳು ಸಾರುತ್ತವೆ. ಪತ್ರಿಕೆಯನ್ನು ಕೊಂಡ ಕಂಪೆನಿಗೆ ಮಾತಾಡುವ ಅವಕಾಶವನ್ನು ಉಳಿಸಿ, ಪತ್ರಿಕೆಯಿಲ್ಲದ ಕಂಪೆನಿಯ ಬಾಯಿಯನ್ನು ಮಾತ್ರ ಕಟ್ಟುವ ಕಾನೂನು ಸಮವಾಗಿರಲಾರದೆಂದು ೧೯೫೯ರ ವರೆಗಿನ ಅನುಭವವು ಸೂಚಿಸುತ್ತದೆ. ಆದರೆ ಆ ಸಾಕ್ಷ್ಯವನ್ನು ತೂಗಿನೋಡಿ ತಿರಸ್ಕರಿಸುವುದು ಬೇರೆ, ತೂಗದೆಯೇ ಬದಿಗಿಡುವುದು ಬೇರೆ. ೨೦೧೨ರ ತೀರ್ಪು ಮಾಡಿದುದು ಎರಡನೆಯದನ್ನೆಂದು ನಮಗೆ ತೋರುತ್ತದೆ. ಹಣವು ಭ್ರಷ್ಟತೆಗೆ ಕಾರಣವಾಗುತ್ತದೆಯೆ ಎಂಬುದು ತರ್ಕದಿಂದ ಮಾತ್ರವೇ ಬಗೆಹರಿಯುವ ಪ್ರಶ್ನೆಯಲ್ಲ. ಅದು ಘಟನೆಗಳ ಪ್ರಶ್ನೆ. ಘಟನೆಗಳನ್ನು ಪರಿಶೀಲಿಸುವ ಶಾಸ್ತ್ರವೇ ಚರಿತ್ರೆ.

ನಮ್ಮ ದೇಶದ ಮಾರ್ಗವು ಇದಕ್ಕಿಂತ ಭಿನ್ನವಾದುದು. ೧೯೫೧ರ ಪ್ರಜಾಪ್ರಾತಿನಿಧ್ಯ ಶಾಸನದ ೭೭ನೆಯ ಪ್ರಕರಣದ ಪ್ರಕಾರ ಉಮೇದುವಾರನ ವೆಚ್ಚಕ್ಕೆ ಮಿತಿಯುಂಟು. ಕರ್ನಾಟಕವೂ ಸೇರಿದಂತೆ ದೊಡ್ಡ ರಾಜ್ಯಗಳ ವಿಧಾನಸಭಾ ಕ್ಷೇತ್ರಗಳಲ್ಲಿ ಅದನ್ನು ೨೦೨೨ರಲ್ಲಿ ೪೦ ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. ಪಕ್ಷವು ಮಾಡಿದ ವೆಚ್ಚವನ್ನೂ ಉಮೇದುವಾರನ ಲೆಕ್ಕಕ್ಕೆ ಸೇರಿಸಬೇಕಾದೀತೆಂದು ೧೯೭೪ರಲ್ಲಿ ಕನ್ವರ್ ಲಾಲ್ ಗುಪ್ತ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು ತೀರ್ಪಿತ್ತಾಗ, ಅದೇ ತಿಂಗಳಿನಲ್ಲಿ ಹೊರಟ ಸುಗ್ರೀವಾಜ್ಞೆಯು ಆ ತೀರ್ಪನ್ನು ನಿಷ್ಫಲಗೊಳಿಸಿತು. ಕಂಪೆನಿಗಳ ದೇಣಿಗೆಗೆ ಇದ್ದ ಮಿತಿಯನ್ನು ೨೦೧೭ರಲ್ಲಿ ತೆಗೆದುಹಾಕಿದುದು, ೨೦೨೪ರ ಫೆಬ್ರುವರಿ ೧೫ರ ಚುನಾವಣಾ ಬಾಂಡುಗಳ ತೀರ್ಪಿನಲ್ಲಿ ಅಸಂವಿಧಾನಿಕವೆನಿಸಿತು. ಅಮೆರಿಕದಲ್ಲಿ ಜನರು ಹಾಕಿದ ಕಟ್ಟನ್ನು ನ್ಯಾಯಾಲಯವು ಬಿಚ್ಚಿತು. ಇಲ್ಲಿ ಶಾಸಕಾಂಗವು ಸಡಿಲಿಸಿದ ಕಟ್ಟನ್ನು ನ್ಯಾಯಾಲಯವು ಮತ್ತೆ ಬಿಗಿಗೊಳಿಸಿತು. ಎರಡು ಕಡೆಯಲ್ಲೂ ವಾದಕ್ಕೆ ಆಧಾರವಾದುದು ಮತದಾರನ ಹಾಗೂ ನಾಗರಿಕನ ವಾಕ್‌ಸ್ವಾತಂತ್ರ್ಯವೇ ಎಂಬುದು ಗಮನಿಸಬೇಕಾದ ಅಂಶ. ಅಲ್ಲಿ ಅದು ಹೇಳುವವನ ಹಕ್ಕು; ಇಲ್ಲಿ ಹಣದ ಮೂಲವನ್ನು ತಿಳಿಯುವವನ ಹಕ್ಕು.

ಉಮೇದುವಾರನಿಗೆ ಮಾತ್ರ ಮಿತಿಯನ್ನು ವಿಧಿಸಿ ಪಕ್ಷಕ್ಕೆ ವಿಧಿಸದಿರುವ ನಮ್ಮ ಏರ್ಪಾಡಿನಲ್ಲಿಯೂ, ಅನಕೊಂಡಾ ಕಂಪೆನಿಯ ಪತ್ರಿಕೆಗಳಂತೆ, ತೆರೆದ ಬಾಗಿಲೊಂದು ಉಳಿದಿದೆ. ಮಿತಿಯ ಮೊತ್ತವೆಷ್ಟಿರಬೇಕೆಂಬ ಚರ್ಚೆ ಆಗಾಗ ನಡೆಯುತ್ತದೆ; ಮಿತಿಯು ಯಾರಿಗೆ ಅನ್ವಯಿಸಬೇಕೆಂಬ ಚರ್ಚೆ ಅದಕ್ಕೆ ಮೊದಲು ನಡೆಯತಕ್ಕದ್ದು. ಪ್ರತಿಯೊಂದು ರಾಜ್ಯದಲ್ಲಿಯೂ ಚುನಾವಣಾ ತಕರಾರು ಅರ್ಜಿಗಳೂ ತೀರ್ಪುಗಳೂ ಉಮೇದುವಾರರು ಒಪ್ಪಿಸಿದ ವೆಚ್ಚದ ಲೆಕ್ಕಗಳೂ ಚರಿತ್ರೆಯ ಆಕರಗಳಾಗಬಲ್ಲುವು. ನಮ್ಮ ವಿದ್ಯಾರ್ಥಿಗಳು ಅವುಗಳ ಕಡೆಗೆ ದೃಷ್ಟಿ ಹರಿಸಿದರೆ, ಮುಂದೆ ಶಾಸನ ಮಾಡುವವರಿಗೂ ನ್ಯಾಯ ಹೇಳುವವರಿಗೂ ತೂಗಿನೋಡತಕ್ಕ ಸಾಕ್ಷ್ಯವು ಸಿದ್ಧವಾಗಿರುತ್ತದೆ.