ಗೀಳು ಕಾಯಿಲೆ: ಯೋಚನೆಯ ಬೆನ್ನು ಬಿಟ್ಟ ಚಿಕಿತ್ಸೆ

ಎಷ್ಟು ತೊಳೆದರೂ ಕೈಗೆ ಕೊಳೆ ಅಂಟಿಕೊಂಡಿದೆ ಎಂಬ ಅಳುಕು. ಬೀಗ ಹಾಕಿ ಜಗ್ಗಿ ನೋಡಿದ ಮೇಲೂ ತೀರದ ಅನುಮಾನ. ಪೂಜೆಗೆ ಕೂತಾಗಲೇ ದೇವರ ಬಗ್ಗೆ ನುಗ್ಗಿ ಬರುವ ಹೊಲಸು ಮಾತು. ಎತ್ತಿಕೊಂಡ ಕೂಸಿಗೆ ತಾನೇ ಏನಾದರೂ ಮಾಡಿಬಿಟ್ಟೇನೆಂಬ ದಿಗಿಲು. ಇವೆಲ್ಲ ಗೀಳು ಕಾಯಿಲೆಯ ಮುಖಗಳು. ಬೇಡದ ಯೋಚನೆಯ ಅರ್ಥವನ್ನು ಅಗೆಯುತ್ತಿದ್ದ ಮನೋವೈದ್ಯ, ಆ ಯೋಚನೆಗೆ ರೋಗಿ ಕೊಡುವ ಉತ್ತರವನ್ನು ಬದಲಿಸಲು ಹೊರಟಾಗಲೇ ಇದರ ಚಿಕಿತ್ಸೆಗೆ ನಿಜವಾದ ಬಲ ಬಂತು.

ಫ್ರಾನ್ಸಿನ ಎಸ್ಕಿರೋಲ್ 1838ರಲ್ಲಿ ಒಬ್ಬ ಮಹಿಳೆಯ ಕಥೆ ದಾಖಲಿಸಿದ. ಚಿಕ್ಕಮ್ಮನ ಮನೆಯಿಂದ ಹೊರಡುವಾಗ ಅಲ್ಲಿನ ವಸ್ತುವೇನಾದರೂ ತನ್ನ ಜೇಬು ಸೇರಿಬಿಟ್ಟಿತೇ ಎಂಬ ಶಂಕೆ ಆಕೆಯನ್ನು ಕಾಡುತ್ತಿತ್ತು. ಅದು ಹುರುಳಿಲ್ಲದ್ದೆಂದು ಆಕೆಗೇ ಗೊತ್ತಿತ್ತು. ತಿಳಿವಳಿಕೆ ಇದ್ದೂ ಬಿಡಿಸಿಕೊಳ್ಳಲಾಗದ ಈ ಸ್ಥಿತಿ ವೈದ್ಯರಿಗೆ ಒಗಟಾಯಿತು. 1903ರಲ್ಲಿ ಪಿಯೆರ್ ಜಾನೆ ಅದನ್ನು ಮನಸ್ಸಿನ ಕಸುವು ಕುಗ್ಗಿದ್ದರ ಫಲವೆಂದ. 1909ರಲ್ಲಿ ಫ್ರಾಯ್ಡ್ ಬಾಲ್ಯದ ಅದುಮಿಟ್ಟ ಆಸೆ-ದ್ವೇಷಗಳಲ್ಲಿ ಬೇರು ಹುಡುಕಿದ. ವಿವರಣೆಗಳು ಬೆಳೆದಷ್ಟು ಪರಿಹಾರ ಬೆಳೆಯಲಿಲ್ಲ.

ತಿರುವು ಬಂದದ್ದು 1966ರಲ್ಲಿ. ಲಂಡನ್ನಿನ ವಿಕ್ಟರ್ ಮೇಯರ್ ಇಬ್ಬರು ರೋಗಿಗಳಲ್ಲಿ ಹೊಸ ದಾರಿ ಹಿಡಿದರು: ಅಂಜಿಸುವ ವಸ್ತುವನ್ನು ಮುಟ್ಟಿಸುವುದು, ಆಮೇಲೆ ತೊಳೆಯಲು ಬಿಡದಿರುವುದು. ಕಳವಳ ಮೊದಲು ಏರುತ್ತದೆ. ತೊಳೆಯದೆಯೂ ಅದನ್ನು ತಾಳಿಕೊಳ್ಳಬಹುದು, ಹೆದರಿದ್ದ ಅನಾಹುತ ಆಗಲಿಲ್ಲ ಎಂದು ರೋಗಿ ಸ್ವತಃ ಕಂಡುಕೊಳ್ಳುತ್ತಾನೆ. ವರ್ತನಾ ಚಿಕಿತ್ಸೆ ಎನ್ನುವ ಇದನ್ನು ಇಂದು ಹಗುರ ಭಯದಿಂದ ಶುರುಮಾಡಿ, ರೋಗಿಯ ಒಪ್ಪಿಗೆಯೊಂದಿಗೆ, ಮೆಟ್ಟಿಲು ಮೆಟ್ಟಿಲಾಗಿ ಮಾಡಿಸುತ್ತಾರೆ.

ಅದೇ ದಶಕದಲ್ಲಿ ಸ್ಪೇನಿನ ವೈದ್ಯರು ಕ್ಲೊಮಿಪ್ರಮಿನ್ ಮಾತ್ರೆಯ ಗುಣ ಗುರುತಿಸಿದರು. ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆತದ್ದು 1989ರಲ್ಲಿ. ಸೆರೊಟೋನಿನ್ ಮೇಲೆ ಕೆಲಸ ಮಾಡುವ ಫ್ಲೂಆಕ್ಸೆಟಿನ್, ಫ್ಲೂವೊಕ್ಸಮಿನ್‌ನಂಥ ಔಷಧಗಳು ಅದರ ಬೆನ್ನಲ್ಲೇ ಬಂದವು. ಖಿನ್ನತೆಗಿಂತ ಇಲ್ಲಿ ಹೆಚ್ಚಿನ ಪ್ರಮಾಣ ಬೇಕಾಗುವುದುಂಟು. ಗುಣ ತಿಳಿಯಲು ಎಂಟರಿಂದ ಹನ್ನೆರಡು ವಾರ ಕಾಯಬೇಕು. ಎರಡನೇ ವಾರಕ್ಕೇ ಮಾತ್ರೆ ಬಿಟ್ಟವರು ಅದು ಕೆಲಸ ಮಾಡಲಿಲ್ಲ ಎನ್ನುವಂತಿಲ್ಲ.

ಯೋಚನೆಯ ಬಗೆಗಿನ ತಿಳಿವಳಿಕೆಯೂ ಬದಲಾಯಿತು. ಇಂಥ ಅನಿಷ್ಟ ಆಲೋಚನೆಗಳು ಆರೋಗ್ಯವಂತರಲ್ಲೂ ಬಹುಪಾಲು ಮಂದಿಗೆ ಬರುತ್ತವೆಂದು ರಾಕ್ಮನ್ ಮತ್ತು ಶ್ರೀಲಂಕಾ ಮೂಲದ ಪದ್ಮಲ್ ಡಿ ಸಿಲ್ವ 1978ರಲ್ಲಿ ತೋರಿಸಿದರು. ಸಾಲ್ಕೋವ್‌ಸ್ಕಿಸ್ 1985ರಲ್ಲಿ ವಿವರಿಸಿದಂತೆ, ತೊಡಕಿರುವುದು ಆ ಆಲೋಚನೆಗೆ ಕೊಡುವ ಬೆಲೆಯಲ್ಲಿ: ‘ಹೀಗೆ ಹೊಳೆಯಿತು, ಇನ್ನು ಕೆಟ್ಟದ್ದನ್ನು ತಡೆಯುವ ಹೊಣೆ ನನ್ನದೇ’ ಎಂಬ ನಂಬಿಕೆಯಲ್ಲಿ. 1992ರಲ್ಲಿ ಬ್ಯಾಕ್ಸ್‌ಟರ್ ತಂಡ ಮಿದುಳಿನ ಚಿತ್ರ ತೆಗೆದಾಗ, ಮಾತ್ರೆಯಿಂದ ಗುಣವಾದವರಲ್ಲೂ ವರ್ತನಾ ಚಿಕಿತ್ಸೆಯಿಂದ ಗುಣವಾದವರಲ್ಲೂ ಒಂದೇ ಭಾಗದ ಚಟುವಟಿಕೆ ತಗ್ಗಿತ್ತು. ಎಡ್ನಾ ಫೋವಾ ತಂಡದ 2005ರ ಅಧ್ಯಯನದಲ್ಲಿ, ಚಿಕಿತ್ಸೆ ಪೂರ್ತಿಗೊಳಿಸಿದವರ ಪೈಕಿ ಸ್ಪಂದಿಸಿದವರು ವರ್ತನಾ ಚಿಕಿತ್ಸೆಯಲ್ಲಿ ಶೇ. 86, ಕ್ಲೊಮಿಪ್ರಮಿನ್‌ನಲ್ಲಿ ಶೇ. 48, ಹುಸಿಮಾತ್ರೆಯಲ್ಲಿ ಶೇ. 10.

ನಮ್ಮಲ್ಲಿ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ವಯಸ್ಕರಲ್ಲಿ ಸುಮಾರು ಶೇ. 0.8 ಮಂದಿಗೆ ಈ ಕಾಯಿಲೆ ಇದೆಯೆಂದು ಅಂದಾಜಿಸಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಶೇಷ ಚಿಕಿತ್ಸಾಲಯವಿದೆ. ಆದರೆ ತರಬೇತಾದ ಚಿಕಿತ್ಸಕರು ನಗರಗಳಾಚೆ ವಿರಳ. ಮಡಿ-ಮೈಲಿಗೆಯ ಮನೆಗಳಲ್ಲಿ ಅತಿ ತೊಳೆತ ಆಚಾರವೆನಿಸಿ ವರ್ಷಗಟ್ಟಲೆ ಮರೆಯಾಗಿ ಉಳಿಯಬಹುದು. ರೋಗಿ ಕೇಳಿದಾಗಲೆಲ್ಲ ‘ಬೀಗ ಹಾಕಿದ್ದೀಯ ಬಿಡು’ ಎಂದು ಮನೆಯವರು ಹೇಳುವ ಸಮಾಧಾನವೂ ಗೀಳಿಗೇ ಮೇವಾಗುತ್ತದೆ. ಅದನ್ನು ಹಂತಹಂತವಾಗಿ ಕಡಿಮೆ ಮಾಡುವುದನ್ನು ಮನೆಯವರಿಗೂ ಕಲಿಸಬೇಕಾಗುತ್ತದೆ. ಮೊದಲ ಹೆಜ್ಜೆಗೆ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ಇದೆ.

ಔಷಧ, ವರ್ತನಾ ಚಿಕಿತ್ಸೆ ಎರಡಕ್ಕೂ ಬಗ್ಗದವರಿಗೆ ಮಿದುಳಿನ ಕಾಂತೀಯ ಪ್ರಚೋದನೆ ಬಂದಿದೆ. ತೀರಾ ಉಗ್ರವಾದ ಕೆಲವರಿಗೆ ಮಿದುಳಿನಾಳಕ್ಕೆ ವಿದ್ಯುದ್ವಾರ ಇಳಿಸುವ ಶಸ್ತ್ರಕ್ರಿಯೆಯೂ ಇದೆ. ಸಂಶೋಧಕರು ರೋಗದ ತೀವ್ರತೆಯನ್ನು 40 ಅಂಕಗಳ ಯೇಲ್-ಬ್ರೌನ್ ಮಾಪಕದಲ್ಲಿ ಅಳೆದು, ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು ಇಳಿದರೆ ಸ್ಪಂದನೆ ಎನ್ನುತ್ತಾರೆ. ಯೋಚನೆ ಪೂರ್ತಿ ಅಳಿಯಲೇಬೇಕೆಂಬ ಷರತ್ತು ಅಲ್ಲಿಲ್ಲ. ರೋಗಿಗೂ ಮನೆಯವರಿಗೂ ಇದು ಮೊದಲೇ ತಿಳಿದಿದ್ದರೆ, ಅರ್ಧ ದಾರಿಯಲ್ಲಿ ಚಿಕಿತ್ಸೆ ಬಿಡುವವರು ಕಡಿಮೆಯಾದಾರು.