ಬೆನ್ನುಹುರಿ ಮತ್ತು 200 ಕಿಲೋಮೀಟರು

ಚಳ್ಳಕೆರೆಯಿಂದ ಬೆಂಗಳೂರಿಗೆ ಹತ್ತಿರ ಹತ್ತಿರ 200 ಕಿ.ಮೀ., ಮೊಳಕಾಲ್ಮೂರಿನಿಂದ ಇನ್ನೂ ದೂರ. ಪೆಟ್ಟೇ ಬೀಳದೆ ಬೆನ್ನುಹುರಿಯ ಸುತ್ತ ರಕ್ತ ಸೋರಿ ಕಾಲು ಸೋತರೆ, ಹೆಪ್ಪನ್ನು ಸುಮಾರು 12 ಗಂಟೆಯೊಳಗೆ ತೆಗೆದರೇ ಒಳ್ಳೆಯದು. ದಾರಿಯ ಹೊತ್ತೂ ಅದರಲ್ಲೇ ಸೇರಿತು!

ಈ ಕಾಯಿಲೆಯನ್ನು 1869ರಲ್ಲಿ ಜಾಕ್ಸನ್ ಎಂಬ ವೈದ್ಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದ್ರು. ಮೊದಲ ಆಪರೇಷನ್ 1897ರಲ್ಲಿ, ಬೇನ್ ಅವರದು. ನಮ್ಮಲ್ಲಿ ಡಾ. ಆರ್. ಎಂ. ವರ್ಮ ಅವರು ಬೆಂಗಳೂರಿನಲ್ಲಿ, ಮುಂದೆ 1974ರಲ್ಲಿ ನಿಮ್ಹಾನ್ಸ್ ಆದ ಸಂಸ್ಥೆಯಲ್ಲಿ, ನರಶಸ್ತ್ರಚಿಕಿತ್ಸೆ ಶುರು ಮಾಡಿದ್ದು 1958ರಲ್ಲಿ. ಹೆಪ್ಪು ಸ್ಪಷ್ಟವಾಗಿ ಕಾಣತೊಡಗಿದ್ದು ಎಂಆರ್‌ಐ ಬಂದ ಮೇಲೆ.

ಕೆಲವರಿಗೆ ಮೊದಲ ಸಲ ತಾನಾಗೇ ಇಳಿದುಬಿಡುತ್ತೆ. ‘ಬೆನ್ನು ಹಿಡ್ಕೊಂಡಿತ್ತು’ ಅಂತ ಸುಮ್ಮನಾಗ್ತೀವಿ. ಅದು ಮರುಕಳಿಸಿದರೆ ಆಂಜಿಯೋಗ್ರಾಂ ಮಾಡಿ ರಕ್ತನಾಳದ ಗಂಟು ಹುಡುಕಬೇಕು. ರಕ್ತ ತೆಳುವಾಗಿಸೋ ಮಾತ್ರೆ ನುಂಗ್ತಿದ್ರೆ ಮೊದಲೇ ಡಾಕ್ಟರಿಗೆ ಹೇಳ್ಬೇಕು.